ಸೇವಂತಿಗೆ ಹೊದ್ದ ರೇಡಿಯೇಟರ್

ಅಥವಾ ಮುಳ್ಳು ಅಷ್ಟು ಮೇಲೆ ಹೋಗಿರಲೇ ಇಲ್ಲವೇನೋ. ಈಗಲೂ ನನ್ನ ಕಣ್ಣಮುಂದೆ ಇರುವುದು ಎಂಜಿನ್ನಿನ ಬಿಸಿ ತೋರಿಸುವ ಮೀಟರಿನ ಕೆಂಪು ಗೆರೆಯನ್ನು ಮುಟ್ಟಿ ನಡುಗುತ್ತಿರುವ ಬಿಳಿ ಮುಳ್ಳು. ಆದರೆ ಆ ಕಾರಿನ ಮೀಟರಿನಲ್ಲಿ ಕೆಂಪು ಗೆರೆಯೇ ಇಲ್ಲ. ಮೊನ್ನೆ ಮತ್ತೆ ಹೋಗಿ ನೋಡಿ ಬಂದೆ. ಕಪ್ಪು ಮುಖದ ಮೇಲೆ ಬಿಳಿ ಅಂಕಿಗಳು, ಅಷ್ಟೆ. ಕೆಂಪು ಗೆರೆಯನ್ನು ನನ್ನ ಭಯ ಆಮೇಲೆ ಎಳೆದುಕೊಂಡಿರಬೇಕು. ಹೀಗಿರುವಾಗ, ಅಜ್ಜಂಪುರದ ಪೇಟೆ ಬೀದಿಯಲ್ಲಿ ಆ ಸಂಜೆ ನಡೆದದ್ದರ ಬಗ್ಗೆ ನಾನು ಹೇಳುವ ಉಳಿದ ಮಾತುಗಳನ್ನೂ ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದುವುದು ಒಳ್ಳೆಯದು. ಲೋಹದ ವಿಷಯದಲ್ಲಿ ನನ್ನ ನೆನಪು ಪರವಾಗಿಲ್ಲ. ಮನುಷ್ಯರ ವಿಷಯದಲ್ಲಿ, ಅದರಲ್ಲೂ ಯಾರು ಯಾವ ಮಾತನ್ನು ಮೊದಲು ಆಡಿದರು ಎಂಬುದರಲ್ಲಿ, ಅದನ್ನು ನಾನೇ ನಂಬುವುದಿಲ್ಲ.

ಗೊತ್ತಿರುವುದನ್ನು ಮೊದಲು ಹೇಳುತ್ತೇನೆ. ಕಾರು ಎರಡೇ ಸೀಟಿನದು, ಮೇಲೆ ಮುಚ್ಚಿಗೆ ಇಲ್ಲದ್ದು, ಇಂಗ್ಲೆಂಡಿನಲ್ಲಿ ತಯಾರಾದ ಹಳೆಯ ಸ್ಪೋರ್ಟ್ಸ್ ಕಾರು. ಕಡೂರಿನ ಕೊಬ್ಬರಿ ಮಂಡಿಯ ಯಜಮಾನರ ಮನೆಯಲ್ಲಿ ಅವರ ತಂದೆಯ ಕಾಲದಿಂದ ಇದೆ. ಬಣ್ಣ ಹಸಿರು. ಮನೆಯವರು ಅದನ್ನು ಕರೆಯುವುದು ಕೆಂಪಿ ಎಂದು. ಯಾಕೆಂದು ಕೇಳಿದರೆ ಮೊದಲು ಕೆಂಪಗಿತ್ತು ಎನ್ನುತ್ತಾರೆ. ನಾನು ಬಾಗಿಲಿನ ಸಂದಿಯಲ್ಲಿ ಬಣ್ಣ ಕೆರೆದು ನೋಡಿದ್ದೇನೆ. ಹಸಿರಿನ ಕೆಳಗೆ ಹಸಿರು, ಅದರ ಕೆಳಗೆ ತಗಡು. ಇದನ್ನು ಅವರಿಗೆ ಹೇಳಿಲ್ಲ.

ಯಜಮಾನರ ಮಗಳು ಅಜ್ಜಂಪುರದಲ್ಲಿ ದನದ ಡಾಕ್ಟರು. ಮದುವೆ ನಿಶ್ಚಯವಾದಾಗ ಆಕೆ ಸೀರೆ, ಒಡವೆ, ಊಟದ ಪಟ್ಟಿ ಯಾವುದರ ಬಗ್ಗೆಯೂ ಬಾಯಿ ಹಾಕಲಿಲ್ಲವಂತೆ. ಕೇಳಿದ್ದು ಒಂದೇ. ಬಸವಣ್ಣನ ಗುಡಿಯಿಂದ ಮಂಟಪದವರೆಗಿನ ಮೆರವಣಿಗೆ ಕೆಂಪಿಯಲ್ಲಿ ಆಗಬೇಕು, ಓಡಿಸುವವಳು ತಾನು, ಹುಡುಗ ಪಕ್ಕದಲ್ಲಿ ಕೂರಬೇಕು. ಹುಡುಗ ಕೂಡಲೇ ಒಪ್ಪಿದ. ಅವನ ಸೋದರಮಾವ ಮಾತ್ರ ಒಂದು ಷರತ್ತು ಹಾಕಿದರು. ನಡುಬೀದಿಯಲ್ಲಿ ಗಾಡಿ ಕೆಟ್ಟು ನಿಂತರೆ ಇಬ್ಬರೂ ಇಳಿದು, ಹಿಂದೆ ಬರುವ ಹೂವಿನ ಜೀಪು ಹತ್ತಬೇಕು. ಅದಕ್ಕೆ ಡ್ರೈವರನೂ ಇರುತ್ತಾನೆ, ಹಾರವೂ ಇರುತ್ತದೆ. ಕೆಟ್ಟ ಮನುಷ್ಯರಲ್ಲ ಅವರು. ಮದುವೆ ದಿನ ಗಾಡಿ ತಳ್ಳುವ ಗಂಡನ ಕಡೆಯವರು ಎಂಬ ಹೆಸರು ಅವರಿಗೆ ಬೇಡವಾಗಿತ್ತು.

ಡಾಕ್ಟರಮ್ಮ ಕಡೂರಿನ ಹೆದ್ದಾರಿ ಪಕ್ಕದ ನನ್ನ ರಿಪೇರಿ ಶೆಡ್ಡಿಗೆ ಬಂದು ಇದನ್ನೆಲ್ಲ ಹೇಳಿದಾಗ, ಇಷ್ಟೊಂದು ಹಟ ಯಾಕೆ ಎಂದು ಕೇಳಿದೆ.

“ತಲೆ ತಗ್ಗಿಸಿ ಕೂತು ಕತ್ತು ನೋವ್ ಮಾಡ್ಕೊಂಡಿರೋ ಮದುಮಕ್ಕಳನ್ನ ಎಷ್ಟ್ ನೋಡಿಲ್ಲ ಅಣ್ಣ. ಸ್ಟೀರಿಂಗ್ ಕೈಲಿದ್ರೆ ತಲೆ ಎತ್ಲೇಬೇಕು. ಯಾರೂ ಏನೂ ಅನ್ನಂಗಿಲ್ಲ,” ಅಂದಳು.

ತೊಂದರೆ ಏನೆಂದರೆ, ಕೆಂಪಿ ನಿಧಾನವಾಗಿ ಹೋದರೆ ಕುದಿಯುತ್ತಿತ್ತು. ಹೆದ್ದಾರಿಯಲ್ಲಿ ಬಿಟ್ಟರೆ ಎದುರುಗಾಳಿ ಮುಂದಿನ ಜಾಲರಿಯಿಂದ ನುಗ್ಗಿ ರೇಡಿಯೇಟರಿನ ನೀರನ್ನು ತಣ್ಣಗಾಗಿಸುತ್ತದೆ. ನಡಿಗೆಯ ವೇಗಕ್ಕೆ ಇಳಿದರೆ ಆ ಗಾಳಿ ಇಲ್ಲ. ಆಗ ಕೆಲಸ ಮಾಡಬೇಕಾದ್ದು ಫ್ಯಾನು. ಅದನ್ನು ತಿರುಗಿಸುವುದು ಬೆಲ್ಟಿನ ಮೂಲಕ ಎಂಜಿನ್ನೇ. ಎಂಜಿನ್ ನಿಧಾನವಾದರೆ ಫ್ಯಾನೂ ನಿಧಾನ. ಚಳಿ ದೇಶದ ಖಾಲಿ ರಸ್ತೆಗೆಂದು ಮಾಡಿದ ಗಾಡಿಯನ್ನು, ಬೇಸಿಗೆಯ ಸಂಜೆ, ಬ್ಯಾಂಡಿನವರ ಹಿಂದೆ, ಕುಣಿಯುವವರ ಹಿಂದೆ, ಹತ್ತು ಮಾರಿಗೊಮ್ಮೆ ನಿಲ್ಲಿಸುತ್ತ ತರಬೇಕು. ಇದಕ್ಕಿಂತ ಕಷ್ಟದ ಪರೀಕ್ಷೆಯನ್ನು ಅದಕ್ಕೆ ಯಾರೂ ಒಡ್ಡಲಾರರು.

ಯಜಮಾನರದೂ ಒಂದು ಮಾತಿತ್ತು. “ಏನ್ ಬೇಕಾದ್ರೂ ಮಾಡ್ಕಳಪ್ಪ. ನಮ್ಮಪ್ಪನ್ ಗಾಡಿಗೆ ಒಂದ್ ತೂತೂ ಕೊರೆಯಂಗಿಲ್ಲ.”

ಮೊದಲು ಮೀಟರನ್ನೇ ಪರೀಕ್ಷಿಸಿದೆ. ಅದರ ತುದಿಯ ಗುಂಡನ್ನು ಎಂಜಿನ್ನಿನಿಂದ ಬಿಚ್ಚಿ ಸ್ಟೌ ಮೇಲಿನ ಕುದಿಯುವ ನೀರಿಗೆ ಇಳಿಬಿಟ್ಟೆ. ಫ್ಯಾರನ್‌ಹೀಟ್ ಲೆಕ್ಕದಲ್ಲಿ ನೀರು ಇನ್ನೂರ ಹನ್ನೆರಡರಲ್ಲಿ ಕುದಿಯಬೇಕು. ಮುಳ್ಳು ಇನ್ನೂರ ಏಳರ ಹತ್ತಿರ ನಿಂತಿತು. ಮೀಟರು ಸುಳ್ಳು ಹೇಳುತ್ತಿದೆ ಎಂದು ಒಂದು ದಿನ ಅದನ್ನು ಬೈದುಕೊಂಡೆ. ಆಮೇಲೆ ಹೊಳೆಯಿತು. ಸುಳ್ಳು ಹೇಳಿದ್ದು ಪುಸ್ತಕ. ಅದರ ಲೆಕ್ಕ ಸಮುದ್ರದ ಮಟ್ಟದ್ದು. ನಾವಿರುವುದು ಎತ್ತರದಲ್ಲಿ, ಇಲ್ಲಿ ನೀರು ಬೇಗ ಕುದಿಯುತ್ತದೆ. ಮೀಟರು ಸರಿಯಾಗಿತ್ತು, ಕುದಿಯುವ ಮುಂಚೆ ನಮ್ಮ ಕೈಯಲ್ಲಿದ್ದ ಅಂತರ ಮಾತ್ರ ನಾನು ಅಂದುಕೊಂಡದ್ದಕ್ಕಿಂತ ಚಿಕ್ಕದಾಗಿತ್ತು.

ರೇಡಿಯೇಟರಿನ ಮುಚ್ಚಳ ನೋಡಿದೆ. ಕುಕ್ಕರಿನ ಹಾಗೆ ಅದೂ ಒತ್ತಡ ಹಿಡಿದಿಟ್ಟು ನೀರು ಕುದಿಯುವುದನ್ನು ಮುಂದೂಡಬೇಕು. ಒಳಗಿನ ರಬ್ಬರು ಒಣಗಿ ಬಿರುಕುಬಿಟ್ಟಿತ್ತು. ಹೊಸದು ಹಾಕಿದೆ. ಸ್ವಲ್ಪ ಗುಣ ಕಂಡಿತು, ಸಾಕಾಗುವಷ್ಟಲ್ಲ. ಹಾಗಾಗಿ ರೇಡಿಯೇಟರನ್ನೇ ಬಿಚ್ಚಿಕೊಂಡು ಯಜಮಾನರ ಜೊತೆ ತರೀಕೆರೆಗೆ ಹೋದೆ. ಅಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ಹಿತ್ತಾಳೆ ರೇಡಿಯೇಟರುಗಳಿಗೆ ಇನ್ನೂ ಬೆಸುಗೆ ಹಾಕುವ ಒಬ್ಬರಿದ್ದಾರೆ. ಕೈ ಎಷ್ಟು ಚುರುಕೋ ಬಾಯಿಯೂ ಅಷ್ಟೇ. ಬೆಸುಗೆ ಕಾಯಿಸಿ ಮೇಲಿನ ತೊಟ್ಟಿ ಬಿಚ್ಚಿದರು. ಒಳಗಿನ ಕೊಳವೆಗಳ ಬಾಯಲ್ಲಿ ಹಳದಿ ಕಂದು ಬಣ್ಣದ ಗಟ್ಟಿ ಮುದ್ದೆ. ಬೆರಳಲ್ಲಿ ಕೆರೆದು ಮೂಗಿಗೆ ಹಿಡಿದರು.

“ಮದ್ವೆಗ್ ಮುಂಚೇನೇ ಅರಿಶಿನ ಹಚ್ಚಿ ಕೂರಿಸ್ಬಿಟ್ಟವ್ರಲ್ಲ ಸಾರ್ ಇವ್ಳಿಗೆ.”

ಲಾರಿಯವರ ಹಳೆಯ ಉಪಾಯ ಅದು. ರೇಡಿಯೇಟರು ಸೋರಿದರೆ ಒಳಗೆ ಅರಿಶಿನ ಪುಡಿ ಸುರಿಯುತ್ತಾರೆ. ಪುಡಿ ಉಬ್ಬಿ ತೂತಿಗೆ ಕೂತು ಸೋರುವುದು ನಿಲ್ಲುತ್ತದೆ. ಯಾವ ತೂತಿಗೆ ಕೂರಬೇಕು, ಯಾವುದಕ್ಕೆ ಕೂರಬಾರದು ಎಂಬುದು ಅದಕ್ಕೆ ತಿಳಿಯುವುದಿಲ್ಲ. ಯಜಮಾನರು ಹೊರಗೆ ನಿಂತ ಬಸ್ಸುಗಳ ಬೋರ್ಡು ಓದತೊಡಗಿದರು.

“ಒಂದ್ ಚಮಚ ಅಷ್ಟೆ ಕಣ್ರೀ ಹಾಕಿದ್ದು,” ಅಂದರು ಕೊನೆಗೆ.

“ಯಜಮಾನ್ರೇ, ಇದು ಚಮಚದ್ ಲೆಕ್ಕ ಅಲ್ಲ. ಊರೂಟದ್ ಲೆಕ್ಕ.”

ಒಂದೊಂದೇ ಕೊಳವೆಗೆ ಚಪ್ಪಟೆ ಸರಳು ತೂರಿಸಿ, ನೀರು ಬಿಟ್ಟು, ಮತ್ತೆ ತೂರಿಸಿ ತೊಳೆದರು. ಹರಿದು ಬಂದ ನೀರು ಬಹಳ ಹೊತ್ತು ಹಳದಿಯಾಗಿಯೇ ಇತ್ತು. ಮತ್ತೆ ಬೆಸುಗೆ ಹಾಕಿ ಕೊಡುವಾಗ, ಇನ್ನು ಈ ಜನ್ಮದಲ್ಲಿ ಇದು ಕುದಿಯುವುದಿಲ್ಲ, ಕುದಿದರೆ ಮೀಸೆ ಬೋಳಿಸುತ್ತೇನೆ ಎಂದು ಮಾತು ಕೊಟ್ಟರು. ಕಡೂರಿಗೆ ಬಂದು ಕೂರಿಸಿ ಶೆಡ್ಡಿನ ಮುಂದೆ ನಿಂತಲ್ಲೇ ಎಂಜಿನ್ ಓಡಿಸಿದೆ. ಮುಳ್ಳು ಮೊದಲಿಗಿಂತ ನಿಧಾನವಾಗಿ ಹತ್ತಿತು. ಆದರೂ ಹತ್ತಿತು. ಮೀಸೆಯ ವಿಷಯ ನಾನು ಎತ್ತಲಿಲ್ಲ.

ಆಮೇಲಿನ ಕೆಲಸ ಗಾಳಿಯದು. ರೇಡಿಯೇಟರಿನ ಎರಡು ಪಕ್ಕದಲ್ಲೂ ಇರಬೇಕಾದ ರಟ್ಟಿನ ಅಡ್ಡಪಟ್ಟಿಗಳು ಎಂದೋ ಕಳೆದುಹೋಗಿದ್ದವು. ಒಳಗೆ ಬಂದ ಗಾಳಿ ರೇಡಿಯೇಟರಿನ ಮೂಲಕ ಹೋಗುವ ಕಷ್ಟ ಬಿಟ್ಟು ಪಕ್ಕದ ಸಂದಿಯಿಂದ ನುಸುಳಿಕೊಳ್ಳುತ್ತಿತ್ತು. ನೆನೆಸಿದ ಅಡಿಕೆ ಹಾಳೆಯನ್ನು ಸಂದಿಗೆ ಒತ್ತಿ ಅಳತೆ ತೆಗೆದುಕೊಂಡು, ಅದರಂತೆ ಎಣ್ಣೆ ಡಬ್ಬದ ತಗಡು ಕತ್ತರಿಸಿ ಮುಚ್ಚಿದೆ. ಗುಜರಿಯಲ್ಲಿ ಸಿಕ್ಕ ಪುಟ್ಟ ಕಾರೊಂದರ ವಿದ್ಯುತ್ ಫ್ಯಾನನ್ನು ರೇಡಿಯೇಟರಿನ ಮುಂದೆ ರಬ್ಬರ್ ಪಟ್ಟಿಗಳಿಂದ ಕಟ್ಟಿದೆ, ತೂತು ಕೊರೆಯಲಿಲ್ಲ. ಒಂದು ತಂತಿ ಬ್ಯಾಟರಿಗೆ, ಇನ್ನೊಂದು ಗಾಡಿಯ ಮೈಗೆ. ಸ್ವಿಚ್ ಹಾಕಿದೆ. ಫ್ಯಾನು ಜೋರಾಗಿ ತಿರುಗಿತು. ಎಂಜಿನ್ ಮೊದಲಿಗಿಂತ ಬೇಗ ಕುದಿಯಿತು.

ಅದೇ ಹೊತ್ತಿಗೆ ಡಾಕ್ಟರಮ್ಮ ಕೆಲಸ ಮುಗಿಸಿ, ಫಿನೈಲಿನ ವಾಸನೆಯ ಸಮೇತ, ಗಾಡಿ ನೋಡಲು ಬಂದಳು. ನನ್ನ ಮುಖ ನೋಡಿದಳು. ಶೆಡ್ಡಿನ ದೇವರ ಪಟದ ಮುಂದೆ ಉರಿಯುತ್ತಿದ್ದ ಊದುಬತ್ತಿ ತೆಗೆದು ಜಾಲರಿಯ ಮುಂದೆ ಹಿಡಿದಳು. ಹೊಗೆ ಒಳಗೆ ಹೋಗುವ ಬದಲು ಆಕೆಯ ಮುಖಕ್ಕೆ ಬಂತು.

“ಇದು ಉಸಿರು ಎಳ್ಕೊತಾ ಇಲ್ಲ ಅಣ್ಣ. ಬಿಡ್ತಾ ಐತೆ.”

ಈ ಕಾಲದ ಕಾರುಗಳಲ್ಲಿ ಗಾಡಿಯ ಮೈಗೆ ಬ್ಯಾಟರಿಯ ಋಣ ತುದಿ ಸೇರಿರುತ್ತದೆ. ಕೆಂಪಿಯ ಕಾಲದ ಇಂಗ್ಲಿಷ್ ಕಾರುಗಳಲ್ಲಿ ಧನ ತುದಿ. ನಾನು ಕೈ ಅಭ್ಯಾಸದಲ್ಲಿ ಕೊಟ್ಟ ತಂತಿಯಿಂದ ಫ್ಯಾನು ಉಲ್ಟಾ ತಿರುಗಿ, ಎಂಜಿನ್ನಿನ ಫ್ಯಾನು ಒಳಗೆಳೆಯುವ ಗಾಳಿಯನ್ನು ಹೊರಕ್ಕೆ ತಳ್ಳುತ್ತಿತ್ತು. ತಂತಿ ಅದಲು ಬದಲು ಮಾಡಿದೆ. ಇನ್ನೊಂದು ತೊಡಕೂ ಇತ್ತು. ಎಂಜಿನ್ ನಿಧಾನವಿದ್ದಾಗ ಕೆಂಪಿಯ ಡೈನಮೋ ಬ್ಯಾಟರಿ ತುಂಬುವುದಿಲ್ಲ, ಫ್ಯಾನು ಅದನ್ನು ಬರಿದು ಮಾಡಿಬಿಡುತ್ತದೆ. ಹಾಗಾಗಿ ಫ್ಯಾನಿಗೆಂದೇ ಬೇರೆ ಬ್ಯಾಟರಿಯನ್ನು ಡಿಕ್ಕಿಯಲ್ಲಿಟ್ಟೆ.

ಅವತ್ತೇ ಇರಬೇಕು, ಆಕೆ ಡ್ಯಾಶ್‌ಬೋರ್ಡಿನ ಒಂದು ಗುಂಡಿ ಎಳೆದು ಇದು ಏನು ಎಂದು ಕೇಳಿದ್ದು. ಹೀಟರು, ಚಳಿ ದೇಶದವರು ಕಾಲು ಬೆಚ್ಚಗಿಟ್ಟುಕೊಳ್ಳಲು ಮಾಡಿಕೊಂಡದ್ದು ಅಂದೆ. ಎಂಜಿನ್ನಿನ ಬಿಸಿನೀರು ಒಂದು ಪುಟ್ಟ ರೇಡಿಯೇಟರಿಗೆ ಬಂದು, ಅದರ ಬಿಸಿಗಾಳಿ ಕಾಲಿನ ಬಳಿ ಬರುತ್ತದೆ. ಪೈಪು ಸೋರುತ್ತಿದ್ದರಿಂದ ಯಾರೋ ಅದನ್ನು ಕಳಚಿ ಮುಚ್ಚಿಬಿಟ್ಟಿದ್ದಾರೆ. ಆಕೆ ಸ್ವಲ್ಪ ಯೋಚಿಸಿ, ಅಂದರೆ ಇದು ಎರಡನೇ ರೇಡಿಯೇಟರು ತಾನೇ, ಜೋಡಿಸಿಬಿಡಿ ಅಂದಳು. ಬೇಸಿಗೆಯಲ್ಲಿ ಹೀಟರೇ ಎಂದು ನಕ್ಕೆ. ಆದರೂ ಹೊಸ ಪೈಪು ಹಾಕಿ ಜೋಡಿಸಿ, ಮರೆತುಬಿಟ್ಟೆ.

ಇನ್ನು ಉಳಿದದ್ದು ಮೆರವಣಿಗೆಯ ವೇಗದ ಪರೀಕ್ಷೆ. ಮಧ್ಯಾಹ್ನದ ಬಿಸಿಲಲ್ಲಿ ಸಿಂಗಟಗೆರೆ ರಸ್ತೆಗೆ ಹೋದೆವು. ಆಕೆ ಓಡಿಸಿದಳು, ನಾನು ಪಕ್ಕದಲ್ಲಿ ಮುಳ್ಳು ನೋಡುತ್ತ ಕೂತೆ. ನಮ್ಮ ಮುಂದೆ ಹೋಗುತ್ತಿದ್ದ ಒಂದು ಕುರಿಮಂದೆ ಸಿಕ್ಕಿತು. ಹಾರನ್ ಹೊಡೆಯದೆ ಅದರ ಬೆನ್ನ ಹಿಂದೆಯೇ ಸೇರಿಕೊಂಡೆವು. ಸ್ವಲ್ಪ ದೂರ ಹೋದ ಮೇಲೆ ಕುರಿಯವರು ಮಂದೆಯನ್ನು ಒಂದು ಬದಿಗೆ ತಳ್ಳಿ ನಮಗೆ ದಾರಿ ಮಾಡಿಕೊಟ್ಟರು. ಬೇಡ, ನೀವು ಮುಂದೆ ನಡೆಯಿರಿ ಅಂದಳು ಆಕೆ. ಅವರು ಕಾರನ್ನೂ ನಮ್ಮನ್ನೂ ಮೇಲಿಂದ ಕೆಳಗೆ ನೋಡಿದರು.

“ಇಷ್ಟ್ ನಿಧಾನಕ್ ಹೋಗಕ್ಕೆ ಕಾರ್ ಯಾಕವ್ವ? ನಮ್ ಟಗರು ಕೊಡ್ತೀನಿ, ಹತ್ಕೊಂಡ್ ಹೋಗು.”

ಮಂದೆ ಹೊಲಕ್ಕೆ ಇಳಿಯುವವರೆಗೂ ಹಿಂಬಾಲಿಸಿದೆವು. ಧೂಳು, ಬಿಸಿಲು, ಹೆಜ್ಜೆಗೊಂದು ನಿಲುಗಡೆ. ಮುಳ್ಳು ನೂರ ತೊಂಬತ್ತೈದಕ್ಕೆ ಏರಿ ಅಲ್ಲೇ ನಿಂತಿತು. ಕೆಲಸ ಮುಗಿಯಿತು ಅಂದುಕೊಂಡೆ.

ಮದುವೆಯ ಸಂಜೆ ಬಸವಣ್ಣನ ಗುಡಿಯ ಮುಂದೆ ಕೆಂಪಿಯನ್ನು ತಂದು ನಿಲ್ಲಿಸಿದೆವು. ನಾನು ರೇಡಿಯೇಟರಿನ ನೀರು, ಬೆಲ್ಟಿನ ಬಿಗಿ, ಡಿಕ್ಕಿಯ ಬ್ಯಾಟರಿ ಎಲ್ಲ ನೋಡಿ, ಕೈ ತೊಳೆದುಕೊಂಡು ಬರಲು ಗುಡಿಯ ಹಿಂದಿನ ನಲ್ಲಿಗೆ ಹೋದೆ. ವಾಪಸು ಬರುವಷ್ಟರಲ್ಲಿ ಕೆಂಪಿಗೆ ಮುಖವೇ ಇರಲಿಲ್ಲ. ಒಂದು ದೀಪದಿಂದ ಇನ್ನೊಂದು ದೀಪದವರೆಗೆ, ಬಾನೆಟ್ಟಿನ ಅಂಚಿನಿಂದ ಬಂಪರಿನವರೆಗೆ, ಹಳದಿ ಸೇವಂತಿಗೆಯ ಪರದೆ. ಎಳೆಯ ಮೇಲೆ ಎಳೆ ಹೆಣೆದು ಕಂಬಳಿಯಷ್ಟು ದಪ್ಪ. ವರನ ದೊಡ್ಡಮ್ಮ ಅದನ್ನು ಮನೆಯ ಹೆಂಗಸರ ಜೊತೆ ಕೂತು ತಾವೇ ಕಟ್ಟಿದ್ದರು. ಆರತಿ ಆಗಿತ್ತು, ಕಾಯಿ ಒಡೆದಾಗಿತ್ತು, ಚಕ್ರದ ಕೆಳಗೆ ನಿಂಬೆಹಣ್ಣು ಕೂತಿತ್ತು.

ಈ ಸೀಮೆಯಲ್ಲೇ ಹುಟ್ಟಿ, ಹೂವಿಲ್ಲದ ಮದುವೆ ಗಾಡಿಯನ್ನು ಒಂದು ಸಲವೂ ನೋಡಿರದ ನಾನು, ಬಿಸಿಲು ಲೆಕ್ಕ ಹಾಕಿದ್ದೆ, ಧೂಳು ಲೆಕ್ಕ ಹಾಕಿದ್ದೆ, ಕುರಿ ಲೆಕ್ಕ ಹಾಕಿದ್ದೆ. ಹೂವನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಗಾಳಿ ಒಳಹೋಗಲು ನಡುವೆ ಒಂದು ಅಂಗೈ ಅಗಲ ಬಿಡಿಸಿಕೊಡಿ ಎಂದು ದೊಡ್ಡಮ್ಮನನ್ನು ಕೇಳಿದೆ.

“ಏನಪ್ಪಾ, ಆರತಿ ಆದ್ ಹೂವಿಗೆ ಕೈ ಹಾಕ್ತಾರಾ? ಮಂಟಪ ಮುಟ್ಟೋವರ್ಗೂ ಬಿಚ್ಚಂಗಿಲ್ಲ,” ಅಂದರು. ಗದರಲಿಲ್ಲ. ಗೊತ್ತಿಲ್ಲದವನಿಗೆ ತಿಳಿಹೇಳುವ ಹಾಗೆ ಹೇಳಿದರು. ನಾನು ಹೋಗಿ ಫ್ಯಾನಿನ ಸ್ವಿಚ್ ಹಾಕಿದೆ.

ಹೊರಟೆವು. ಮುಂದೆ ವೀರಗಾಸೆಯವರು, ಅವರ ಹಿಂದೆ ಬ್ಯಾಂಡು, ಅವರ ಹಿಂದೆ ವರನ ಗೆಳೆಯರು. ನಾನು ಡಾಕ್ಟರಮ್ಮನ ಪಕ್ಕದ ಬಾಗಿಲು ಹಿಡಿದು ನಡೆಯುತ್ತಿದ್ದೆ. ಅಲ್ಲಿಂದ ಮೀಟರು ಕಾಣುತ್ತಿತ್ತು. ಆಕೆ ರೇಷ್ಮೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತಲೆ ಎತ್ತಿ ಕೂತಿದ್ದಳು. ಹಿಂದೆ ಹೂವಿನ ಜೀಪು ಖಾಲಿಯಾಗಿ ತೆವಳುತ್ತಿತ್ತು. ಗೆಳೆಯರು ಪ್ರತಿ ಅಂಗಡಿಯ ಮುಂದೆಯೂ ಕುಣಿದರು. ನೂರ ತೊಂಬತ್ತು. ಇನ್ನೂರು. ಮುಂದಿನಿಂದ ಒಂದು ವಾಸನೆ ಬರತೊಡಗಿತು, ಹೂವು ಬೇಯುವ ವಾಸನೆ. ವರನ ಸೋದರಮಾವ ಪಕ್ಕಕ್ಕೆ ಬಂದು ಹೆಂಗೈತೆ ಎಂದು ಕೇಳಿದರು. ಚೆನ್ನಾಗೈತೆ ಅಂದೆ. ಹೊಗೆ ಬರುತ್ತಿದೆಯಲ್ಲ ಅಂದರು. ಊದುಬತ್ತಿ ಅಂದೆ. ಅವರು ಜೀಪಿನ ಕಡೆ ಒಮ್ಮೆ ನೋಡಿ, ಪಕ್ಕದಲ್ಲೇ ನಡೆಯತೊಡಗಿದರು.

ಆಗ ಆಕೆ ನನ್ನನ್ನು ಕೇಳದೆ ಹೀಟರಿನ ಗುಂಡಿ ಎಳೆದಳು. ಕಾಲಿನ ಬಳಿಯಿಂದ ಒಲೆಯ ಬಾಯಿ ತೆರೆದಂಥ ಬಿಸಿಗಾಳಿ ಎದ್ದಿತು. ವರ ಬೆಚ್ಚಿಬಿದ್ದು ಪಂಚೆಯನ್ನು ಮೊಣಕಾಲಿಗೆ ಏರಿಸಿಕೊಂಡ.

“ಸುಡ್ತಾ ಐತಾ?” ಅಂದಳು, ಕಣ್ಣು ರಸ್ತೆಯ ಮೇಲೆ ಇಟ್ಟುಕೊಂಡೇ.

“ಕೆಂಡ ಹಾಯ್ತೀನಿ ಅಂತ ವೀರಭದ್ರನಿಗೆ ಹರಕೆ ಇತ್ತು. ತೀರ್ತು ಬಿಡು,” ಅಂದ ಅವನು. ಅವನನ್ನು ನಾನು ಮೆಚ್ಚಿದ್ದು ಆ ಗಳಿಗೆಯಲ್ಲಿ.

ಮುಳ್ಳು ಏರುವುದು ನಿಂತಿತು, ಅಥವಾ ನಿಂತಂತೆ ಕಂಡಿತು. ಇಳಿಯಲಿಲ್ಲ. ಮಂಟಪ ಇನ್ನೂ ದೂರವಿತ್ತು. ಕೆಂಪು ಗೆರೆ ನಾನು ಕಂಡದ್ದು ಇಲ್ಲೇ.

ಮುಂದಿನ ಮಾತು ಯಾರದೆಂದು ನನಗೆ ಗೊತ್ತಿಲ್ಲ. ನನಗೆ ಕೇಳಿದ ಹಾಗೆ ಬರೆಯುತ್ತೇನೆ. ಆಕೆ ತಲೆ ಹೊರಳಿಸಿ, ಪಕ್ಕದಲ್ಲೇ ನಡೆಯುತ್ತಿದ್ದ ದೊಡ್ಡಮ್ಮನನ್ನು ಕರೆದಳು.

“ದೊಡ್ಡಮ್ಮ, ಬಿಚ್ಚಬಾರ್ದು, ಸರಿ. ಕೊಡಬೋದಲ್ವಾ?”

“ಯಾರಿಗೇ?”

“ಬಾಗ್ಲಲ್ ನಿಂತಿರೋ ಹೆಣ್ಮಕ್ಳಿಗೆ. ಮುಡ್ಕೊಳ್ಳಕ್ಕೆ.”

ಬೀದಿಯ ಎರಡೂ ಬದಿ ಹೊಸಿಲುಗಳ ಮೇಲೆ ಹೆಂಗಸರು ನಿಂತಿದ್ದರು. ದೊಡ್ಡಮ್ಮ ಅವರನ್ನೇ ನೋಡುತ್ತ ನಾಲ್ಕು ಹೆಜ್ಜೆ ನಡೆದರು. ದೇವರ ಹೂವನ್ನು ಕಿತ್ತುಹಾಕುವುದು ಒಂದು, ಮುಡಿಯಲು ಕೊಡುವುದು ಇನ್ನೊಂದು. ಇದನ್ನು ಅವರು ಮನಸ್ಸಿನಲ್ಲೇ ತೂಗಿ ನೋಡಿದರೆಂದು ನನ್ನ ಊಹೆ. ಆಮೇಲೆ ಮುಂದೆ ಹೋಗಿ ಪರದೆಯ ನಡುವಿನಿಂದ ಒಂದು ಎಳೆ ಬಿಡಿಸಿ, ಹತ್ತಿರದ ಹೊಸಿಲಿನ ಹೆಂಗಸಿಗೆ ಕೊಟ್ಟರು.

“ತಗೊಳವ್ವ, ಮುಡ್ಕ.”

ಆ ಹೆಂಗಸು ಎರಡೂ ಕೈಯಲ್ಲಿ ಹಿಡಿದು, ಅಯ್ಯೋ ಬಿಸಿ ಐತಲ್ಲ ಎನ್ನುತ್ತ ನಕ್ಕು ಮುಡಿದಳು. ಪಕ್ಕದ ಮನೆಯವಳು ಕೈ ಚಾಚಿದಳು. ಎದುರು ಬದಿಯವರು ಬೀದಿಗೇ ಇಳಿದು ಬಂದರು. ಮದುವೆ ಗಾಡಿಯ ಹೂವು ಸಿಗುತ್ತಿದೆ ಎಂದು ಗೊತ್ತಾದ ಮೇಲೆ ಕುಣಿಯುವವರಿಗೆ ಜಾಗವೇ ಉಳಿಯಲಿಲ್ಲ. ಮೆರವಣಿಗೆ ತಾನಾಗಿ ಬೇಗ ಸಾಗಿತು. ಎಳೆ ಎಳೆಯಾಗಿ ಪರದೆ ಕರಗಿತು. ಒಳಗಿನ ಜಾಲರಿ ಕಂಡಿತು, ಅದರೊಳಗೆ ತಿರುಗುವ ಫ್ಯಾನು ಕಂಡಿತು. ಅಷ್ಟರಲ್ಲಿ ಬೀದಿ ಪಡುವಣಕ್ಕೆ ತಿರುಗಿ, ಸಂಜೆಯ ಗಾಳಿ ನೇರ ಎದುರಿನಿಂದ ಬೀಸತೊಡಗಿತು. ನಾನು ಮೀಟರು ನೋಡಿದೆ. ಇನ್ನೂರು. ಸ್ವಲ್ಪ ಹೊತ್ತಿಗೆ ನೂರ ತೊಂಬತ್ತು.

ಮಂಟಪದ ಬಾಗಿಲಲ್ಲಿ ಡಾಕ್ಟರಮ್ಮ ಕೆಂಪಿಯನ್ನು ನಿಲ್ಲಿಸಿ ಕೀಲಿ ತಿರುಗಿಸಿದಳು. ಎಂಜಿನ್ ಒಂದು ಸಲ ಒದರಿ ಸುಮ್ಮನಾಯಿತು. ವರನ ಸೋದರಮಾವನನ್ನು ಹುಡುಕಿದೆ. ಕಾಲು ನೋವೆಂದು ದಾರಿಯಲ್ಲೇ ಹೂವಿನ ಜೀಪು ಹತ್ತಿ, ಅದರ ನಡುವೆ ಒಬ್ಬರೇ ಕೂತು ಬರುತ್ತಿದ್ದರು. ಕೆಲವರು ಅವರಿಗೂ ಕೈಮುಗಿದರು.

ಹೂವು ಕೊಡುವ ಆ ಮಾತನ್ನು ಮೊದಲು ಆಡಿದವನು ನಾನೇ ಎಂದು ಡಾಕ್ಟರಮ್ಮ ಈಗ ಹೇಳುತ್ತಾಳೆ. ಅಣ್ಣ ನನ್ನ ಕಿವಿಯಲ್ಲಿ ಹೇಳಿದರು, ನಾನು ದೊಡ್ಡಮ್ಮನಿಗೆ ದಾಟಿಸಿದೆ ಅಷ್ಟೆ ಅನ್ನುತ್ತಾಳೆ. ನನಗೆ ಅದು ನೆನಪಿಲ್ಲ. ಮೊದಲಿನಿಂದಲೂ ನಮ್ಮಲ್ಲಿ ಗಾಡಿ ಹೂವನ್ನು ಬೀದಿಯವರಿಗೆ ಕೊಡುವುದು ಪದ್ಧತಿ, ಯಾರೂ ಹೇಳಿಕೊಡಬೇಕಾಗಿರಲಿಲ್ಲ ಎನ್ನುತ್ತಾರೆ ದೊಡ್ಡಮ್ಮ. ಮುಳ್ಳು ಇಳಿದದ್ದು ತಮ್ಮ ಸರಳಿನಿಂದ ಎಂದು ತರೀಕೆರೆಯ ಬೆಸುಗೆಯವರು ಮೀಸೆ ತೀಡುತ್ತಾರೆ.

ಮೂರು ಬದಲಾವಣೆಗಳು ಒಟ್ಟಿಗೇ ಆದವು. ಹೀಟರು ಬಿಸಿ ಹೊರಹಾಕುತ್ತಿತ್ತು, ಹೂವು ಸರಿದಿತ್ತು, ಎದುರುಗಾಳಿ ಸಿಕ್ಕಿತ್ತು. ಜೊತೆಗೆ ಮೆರವಣಿಗೆಯೂ ಸ್ವಲ್ಪ ಬೇಗ ನಡೆದಿತ್ತು. ಅದನ್ನೂ ಸೇರಿಸಿದರೆ ನಾಲ್ಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕು ಎಂಬುದು ನನ್ನ ಕೆಲಸದ ಮೊದಲ ಪಾಠ. ಮೊನ್ನೆ ಮೀಟರು ನೋಡಲು ಹೋದಾಗ, ಅಷ್ಟೇ ದಪ್ಪದ ಸೇವಂತಿಗೆ ಪರದೆ ಕಟ್ಟಿಸಿ ಅದೇ ಬೀದಿಯಲ್ಲಿ ಇನ್ನೊಮ್ಮೆ ನೋಡೋಣವೇ ಎಂದು ಯಜಮಾನರನ್ನು ಕೇಳಿದೆ. ಯಾರ ಮದುವೆ ಎಂದು ಹೇಳಲಪ್ಪ ಬೀದಿಯವರಿಗೆ ಅಂದರು.

ರೇಡಿಯೇಟರಿನ ಸಂದಿಗಳಲ್ಲಿ ಒಣಗಿದ ಎಸಳುಗಳು ಇನ್ನೂ ಸಿಕ್ಕಿಕೊಂಡಿವೆ. ಗಾಳಿಗೆ ಅವು ಅಡ್ಡ ಎಂದು ಗೊತ್ತಿದ್ದೂ ಬ್ರಷ್ ಕೈಗೆತ್ತಿಕೊಳ್ಳಲಿಲ್ಲ. ಮುಳ್ಳು ಯಾಕೆ ಇಳಿಯಿತು ಎಂದು ನನಗೆ ಗೊತ್ತಿಲ್ಲ.